ಕಾಡಿಗೆಯ್ಯ ಕದ್ದ ಕೆಂಪು

ಬಹಳ ಹಿಂದೆ, ಹೊಳೆಗಳು ತಮಗೆ ತೋಚಿದ ಕಡೆ ಹರಿಯುತ್ತಿದ್ದ ಕಾಲದಲ್ಲಿ, ಏಳು ಗುಡ್ಡಗಳ ನಡುವೆ ಮಣಿಹೊಳೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಹೊಳೆಯಲ್ಲಿ ನೀರಿಗಿಂತ ಕಲ್ಲು ಜಾಸ್ತಿ. ಹಾಲಿನಂಥ ಕಲ್ಲು, ಗಿಳಿಹಸಿರು ಕಲ್ಲು, ಜೇನಿನ ಬಣ್ಣದ ಕಲ್ಲು, ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವ ಕಲ್ಲು. ಅಲ್ಲಿಯ ಜನ ಯಾವ ಕಲ್ಲು ಸಿಕ್ಕರೂ ಒಡೆದು ನೋಡುತ್ತಿದ್ದರು, ಉಜ್ಜಿ ನೋಡುತ್ತಿದ್ದರು, ನಾಲಿಗೆಗೆ ತಾಗಿಸಿಯೂ ನೋಡುತ್ತಿದ್ದರು. ಕಪ್ಪು ಕಲ್ಲಿಗೆ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಕಪ್ಪು ಕಲ್ಲು ಅವರಿಗೆ ದೇವರು. ಕಂಡರೆ ಎತ್ತಿಕೊಳ್ಳಬೇಕು, ಎಣ್ಣೆ ಹಚ್ಚಬೇಕು, ಬೇವಿನ ಬುಡದಲ್ಲೋ ಮನೆಯ ಗೂಡಿನಲ್ಲೋ ಇಡಬೇಕು. ಹಚ್ಚಿದ ಎಣ್ಣೆಯನ್ನು ತೊಳೆಯಬಾರದು, ಅದರ ಮೇಲೆ ಇನ್ನಷ್ಟು ಹಚ್ಚಬೇಕು. ಹೀಗಾಗಿ ಆ ರಾಜ್ಯದ ಕಪ್ಪು ಕಲ್ಲುಗಳೆಲ್ಲ ಎಣ್ಣೆ ಕುಡಿದು ಕುಡಿದು ಒಂದೇ ತಾಯಿಯ ಮಕ್ಕಳ ಹಾಗೆ ಮಿಂಚುತ್ತಿದ್ದವು. ಯಾವುದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಆ ರಾಜ್ಯದಲ್ಲಿ ಮಾಳಿಂಗ ಎಂಬ ತರುಣನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಹೆಗಲಿಗೆ ಚೀಲ ಏರಿಸಿ ಹೊರಟನೆಂದರೆ ಗುಡ್ಡ, ಹಳ್ಳ, ಕೊರಕಲು ಅಲೆದು, ಚೀಲದ ತುಂಬ ಕಲ್ಲು ಆದ ಮೇಲೇ ವಾಪಸು. ಅವನಿಗೆ ಇದ್ದವಳು ಒಬ್ಬಳೇ ಅಕ್ಕ, ಸಾತವ್ವ. ಅವಳನ್ನು ಸೋದರತ್ತೆ ದ್ಯಾಮವ್ವನ ಮಗನಿಗೇ ಕೊಟ್ಟಿದ್ದರು. ಮಾಳಿಂಗ ಊರಿಗೆ ಬಂದರೆ ಉಳಿಯುತ್ತಿದ್ದದ್ದು ಆ ಮನೆಯಲ್ಲೇ.

ಒಮ್ಮೆ ಅವನು ಹೀಗೇ ದೂರದ ಸೀಮೆಯನ್ನೆಲ್ಲ ಸುತ್ತಿಕೊಂಡು ಬಂದು ಮಣಿಹೊಳೆಯ ಗಡಿಕಲ್ಲು ದಾಟಿದ. ದಾಟಿದ್ದೇ ತಡ, ಅವನ ತಲೆಯ ಕೆಂಪು ರುಮಾಲು ಬೂದಿಬಣ್ಣಕ್ಕೆ ತಿರುಗಿತು. ಬಿಚ್ಚಿ ಕೊಡವಿದ. ಬೂದಿಯೇ. ಮುಂದೆ ಬಂದರೆ ಬೇಲಿಯ ದಾಸವಾಳ ಬೂದಿ. ಕಣದಲ್ಲಿ ಹರವಿದ ಮೆಣಸಿನಕಾಯಿ ಬೂದಿ. ಹುಂಜದ ಜುಟ್ಟು ಬೂದಿ, ಹೆಂಗಸರ ಹಣೆಯ ಕುಂಕುಮ ಬೂದಿ. ಜನ ನೀರಿನೊಳಗೆ ನಡೆಯುವವರ ಹಾಗೆ ನಿಧಾನವಾಗಿ ನಡೆಯುತ್ತಿದ್ದರು. ಒಬ್ಬನ ಕಾಲನ್ನು ಇನ್ನೊಬ್ಬ ತುಳಿದರೂ ತುಳಿಸಿಕೊಂಡವನು ಬೈಯಲಿಲ್ಲ.

ಮನೆಯ ಹೊಸ್ತಿಲಲ್ಲಿ ದ್ಯಾಮವ್ವ ಕೂತಿದ್ದಳು.

"ಬಂದೆಯಾ ಅಳಿಯಾ? ಕಲ್ಲು ಮುಗಿದವೋ, ಕಾಲು ಸೋತವೋ?"

"ಚೀಲ ತುಂಬಿತು ಅತ್ತೆ. ಊರಿಗೇನಾಗಿದೆ? ಯಾರೋ ತೊಳೆದು ಹಿಂಡಿ ಹಾಕಿದ ಹಾಗಿದೆಯಲ್ಲ."

"ಕಾಡಿಗೆಯ್ಯ ಬಂದಿದ್ದಾನೆ," ಎಂದು ದ್ಯಾಮವ್ವ ನಡೆದದ್ದನ್ನು ಹೇಳಿದಳು.

ಕಾಡಿಗೆಯ್ಯ ಮಸಿಗುಡ್ಡದ ಮಾಂತ್ರಿಕ. ಮೈಗೆಲ್ಲ ಕಾಡಿಗೆ ಬಳಿದುಕೊಂಡು, ಸೊಂಟಕ್ಕೊಂದು ಕಾಡಿಗೆ ಡಬ್ಬಿ ಕಟ್ಟಿಕೊಂಡು ಬಂದು, ನಿಮ್ಮ ರಾಜ್ಯ ನನಗಿರಲಿ ಎಂದು ಕೇಳಿದ. ರಾಜನಿಗೆ ಸಿಟ್ಟು ಬಂತು, ಜನಕ್ಕೂ ಸಿಟ್ಟು ಬಂತು, ದೊಣ್ಣೆ ಹಿಡಿದು ಅಟ್ಟಿಕೊಂಡು ಹೋದರು. "ಇವರ ಸಿಟ್ಟೆಲ್ಲ ಇರುವುದು ಇವರ ಕೆಂಪಿನಲ್ಲಿ," ಎಂದ ಕಾಡಿಗೆಯ್ಯ. ಡಬ್ಬಿಯ ಮುಚ್ಚಳ ತೆಗೆದು ಒಂದು ಉಸಿರು ಎಳೆದ. ರಾಜ್ಯದ ಕೆಂಪೆಲ್ಲ ಡಬ್ಬಿಯೊಳಗೆ ಹೋಯಿತು. ಹೂವಿನ ಕೆಂಪು, ಬಟ್ಟೆಯ ಕೆಂಪು ಆಗಲೇ ಹೋಯಿತು. ರಕ್ತದ ಕೆಂಪು ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅದನ್ನೆಲ್ಲ ತೆಗೆದುಕೊಂಡು ಹೋಗಿ ಹೊಳೆಯ ಒಂದು ಕಲ್ಲಿನೊಳಗೆ ಬಚ್ಚಿಟ್ಟ. ಹಾಗೆ ಬಚ್ಚಿಟ್ಟವನು ಬಿಡಿಸುವ ದಾರಿಯನ್ನೂ ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಮಂತ್ರ ನಿಲ್ಲುವುದಿಲ್ಲ. ಅದಕ್ಕೇ ಡಂಗುರ ಹೊಡೆಸಿದ: "ಆ ಕಲ್ಲನ್ನು ತಂದು, ಅದು ಯಾವ ಕಲ್ಲು ಎಂದು ಸರಿಯಾಗಿ ಹೇಳಿದರೆ ಕೆಂಪು ವಾಪಸು. ತಪ್ಪು ಹೇಳಿದವನು ತಾನು ಹೇಳಿದ ಕಲ್ಲೇ ಆಗುತ್ತಾನೆ."

"ರಾಜ ಕಿರೀಟದ ಕಲ್ಲು ಕಿತ್ತುಕೊಂಡು ಹೋಗಿ ಮಾಣಿಕ್ಯ ಅಂದ," ಎಂದಳು ದ್ಯಾಮವ್ವ. "ಈಗ ಸಿಂಹಾಸನದ ಮೇಲೆ ಬೂದಿಬಣ್ಣದ ಮಾಣಿಕ್ಯ ಕೂತಿದೆ. ದಿನಾ ಅದಕ್ಕೇ ಚಾಮರ ಬೀಸುತ್ತಾರೆ. ಜನ ಹೊಳೆಗೆ ಹೋಗಿ, ಮೊದಲು ಕೆಂಪಗಿದ್ದ ಕಲ್ಲು ಯಾವುದು ಯಾವುದು ಅಂತ ನೆನಪು ಮಾಡಿಕೊಂಡು ಹೆಕ್ಕಿದರು. ಹೆಕ್ಕಿದವರೆಲ್ಲ ಕಲ್ಲಾದರು. ನಿನ್ನ ಬಾವನೂ ಹೋದ. ಹವಳ ಅಂದ. ಹೊಳೆಯ ದಡದಲ್ಲೇ ಇದ್ದಾನೆ."

"ಅಕ್ಕ?"

ದ್ಯಾಮವ್ವ ಒಳಗೆ ಕೈ ತೋರಿಸಿದಳು.

ಸಾತವ್ವ ಚಾಪೆಯ ಮೇಲೆ ಮಲಗಿದ್ದಳು. ತುಂಬಿದ ಬಸುರಿ. ತುಟಿ ಅಕ್ಕಿ ತೊಳೆದ ನೀರಿನ ಹಾಗಿತ್ತು. ತಮ್ಮನನ್ನು ಕಂಡು ನಕ್ಕಳು, ನಗುವುದಕ್ಕೂ ಅವಳಿಗೆ ಆಯಾಸವಾಗುತ್ತಿತ್ತು.

"ನನಗೇನು ತಂದೆಯೋ ತಮ್ಮಾ?"

"ಹಸಿರು ಕಲ್ಲು ತಂದಿದ್ದೇನೆ ಅಕ್ಕ. ಕೆಂಪನ್ನೂ ತರುತ್ತೇನೆ, ಮಲಗಿರು."

ಹೊರಗೆ ಬಂದಾಗ ದ್ಯಾಮವ್ವ ದನಿ ತಗ್ಗಿಸಿ ಹೇಳಿದಳು. "ಈ ಊರಿನ ಅರ್ಧ ಮಕ್ಕಳನ್ನು ಹಿಡಿದದ್ದು ಈ ಕೈ, ಅದಕ್ಕೇ ಹೇಳುತ್ತೇನೆ. ಬಿಳಿ ರಕ್ತದಲ್ಲಿ ಬಲ ಏಳುವುದಿಲ್ಲ. ಕೆಂಪು ಬರುವ ಮೊದಲೇ ನೋವು ಬಂದರೆ ತಾಯಿಯೂ ಇಲ್ಲ, ಕೂಸೂ ಇಲ್ಲ."

ಮಾಳಿಂಗನ ಮೈಯಲ್ಲಿ ಹೊರಸೀಮೆಯ ಕೆಂಪು ಇನ್ನೂ ಉಳಿದಿತ್ತು. ಅದು ಕಿವಿಯ ತನಕ ಏರಿತು. "ಕಲ್ಲು ನನಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು ಅತ್ತೆ?" ಎಂದು ಚೀಲ ಝಾಡಿಸಿ ಹೊರಟೇಬಿಟ್ಟ.

ಹೊಳೆಯನ್ನು ಜನ ಹೊಲ ಉತ್ತ ಹಾಗೆ ಅಗೆದು ಹಾಕಿದ್ದರು. ಮಾಳಿಂಗ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಿರುಗಿದ. ಒಡೆದ, ಉಜ್ಜಿದ, ನೆಕ್ಕಿದ, ಬಿಸಾಡಿದ. ಕೊನೆಗೆ ಬಟ್ಟೆ ಒಗೆಯುವ ಬಂಡೆಯ ಹತ್ತಿರ ಕಾಲಿನ ಹೆಬ್ಬೆರಳು ಏನಕ್ಕೋ ಬಡಿಯಿತು. ಬಗ್ಗಿ ನೋಡಿದರೆ ಬೆಲ್ಲದ ಅಚ್ಚಿನಷ್ಟು ದೊಡ್ಡ ಕಪ್ಪು ಕಲ್ಲು. ಮೈಯೆಲ್ಲ ಉಬ್ಬುಬ್ಬು. ಎತ್ತಿದರೆ ಕೈ ಕೆಳಕ್ಕೆ ಜಗ್ಗಿತು. ಅಷ್ಟು ಗಾತ್ರದ ಕಲ್ಲಿಗೆ ಅಷ್ಟು ಭಾರ ಇರಬಾರದಿತ್ತು. ಇದ್ಯಾವ ಕಲ್ಲಪ್ಪಾ ಎಂದು ಅವನು ಯೋಚಿಸುವಷ್ಟರಲ್ಲಿ ಅವನ ಇನ್ನೊಂದು ಕೈ ತಲೆಯ ಎಣ್ಣೆ ಸವರಿಕೊಂಡು ಕಲ್ಲಿಗೆ ಹಚ್ಚಿ ಮುಗಿಸಿತ್ತು. ಹುಟ್ಟಿದಾಗಿನಿಂದ ಕಲಿತ ಕೈ ಅದು.

ಮನೆಗೆ ತಂದ. ದ್ಯಾಮವ್ವ ಕಲ್ಲನ್ನು ಕಣ್ಣಿಗೊತ್ತಿಕೊಂಡು, ಮೇಲೊಂದು ಮಿಳ್ಳೆ ಹರಳೆಣ್ಣೆ ಸುರಿದು, ಗೂಡಿನಲ್ಲಿ ಇಟ್ಟಳು.

"ಇದು ಯಾವ ಕಲ್ಲು ಅತ್ತೆ?"

"ಕಪ್ಪು ಕಲ್ಲು."

"ಕಪ್ಪು ಅಂತ ಕಾಣುತ್ತದೆ. ಯಾವುದು ಅಂತ ಕೇಳಿದೆ."

"ದೇವರಿಗೇ ಜಾತಿ ಕೇಳುತ್ತೀಯಾ? ಕೈಕಾಲು ತೊಳೆದು ಊಟಕ್ಕೆ ಬಾ."

ಮರುದಿನ ಬೆಳಗ್ಗೆ ಬಾಗಿಲಿಗೆ ಒಂದು ಕೋಣ ಬಂದು ನಿಂತಿತು. ಮೂಗಿನಿಂದ ಹೊಗೆ ಬರುತ್ತಿತ್ತು, ನಿಂತ ನೆಲ ಕಮರುತ್ತಿತ್ತು. ಕಾಡಿಗೆಯ್ಯನ ಕೋಣ ಅದು, ಇದ್ದಿಲು ತಿಂದು ಬೆಳೆದದ್ದು.

"ಮಾಳಿಂಗಾ, ನನ್ನ ಮೇವು ನಿನ್ನ ಮನೆಯ ಗೂಡಿನಲ್ಲಿದೆ," ಎಂದಿತು ಕೋಣ. "ಅದು ಇದ್ದಿಲುಗಲ್ಲು. ಕೊಡದಿದ್ದರೆ ಗೋಡೆ ಬೀಳಿಸಿಕೊಂಡು ಒಳಗೆ ಬರುತ್ತೇನೆ."

"ಗೋಡೆ ಯಾಕೆ ಬೀಳಿಸುತ್ತೀ? ಒಲೆಗೆ ಹಾಕೋಣ. ಉರಿದು ಬೂದಿಯಾದರೆ ನಿನ್ನದು, ಆಗದಿದ್ದರೆ ನನ್ನದು," ಎಂದ ಮಾಳಿಂಗ.

"ದೇವರನ್ನು ಒಲೆಗೆ ಹಾಕುತ್ತೀಯೇನೋ ಪಾಪಿ," ಎಂದು ದ್ಯಾಮವ್ವ ಎದೆ ಹಿಡಿದುಕೊಂಡಳು. ಮಾಳಿಂಗ ಆಗಲೇ ಹಾಕಿಯಾಗಿತ್ತು. ಊದುಗೊಳವೆ ಹಿಡಿದು ಊದಿದ. ಕಲ್ಲು ಭಗ್ಗೆಂದು ಹೊತ್ತಿಕೊಂಡಿತು. ಕೋಣ ಬಾಯಲ್ಲಿ ನೀರು ಸುರಿಸುತ್ತಾ ಒಂದು ಹೆಜ್ಜೆ ಮುಂದೆ ಬಂತು. ಮಾಳಿಂಗ ಊದುವುದನ್ನು ನಿಲ್ಲಿಸಲಿಲ್ಲ. ಹೊತ್ತಿದ್ದ ಉರಿ ಸ್ವಲ್ಪ ಹೊತ್ತಿಗೆ ತಾನೇ ಆರಿತು. ಕಲ್ಲು ಮಸಿ ಹಿಡಿದು, ಕರಗದೆ, ಬಿರಿಯದೆ, ಹಾಗೇ ಕೂತಿತ್ತು.

"ಇದ್ದಿಲಲ್ಲ," ಎಂದ ಮಾಳಿಂಗ.

ಕೋಣ ಏನೋ ಹೇಳಲು ಬಾಯಿ ತೆರೆಯಿತು. ಗೊರಸಿನಿಂದ ಕೊಂಬಿನ ತನಕ ಇದ್ದಿಲಾಗಿ ಅಂಗಳದಲ್ಲಿ ರಾಶಿ ಬಿತ್ತು. ಕಾಡಿಗೆಯ್ಯನ ಕಟ್ಟಳೆ ಅವನ ಕೋಣವನ್ನೂ ಬಿಡಲಿಲ್ಲ. ದ್ಯಾಮವ್ವ ತಪ್ಪಾಯಿತು ತಪ್ಪಾಯಿತು ಎನ್ನುತ್ತಾ ಕಲ್ಲಿನ ಮೇಲೆ ಇನ್ನೊಂದು ಮಿಳ್ಳೆ ಎಣ್ಣೆ ಸುರಿದಳು.

ಅದರ ಮರುದಿನ ಒಂದು ಉಡ ಬಂತು. ಮೈತುಂಬ ಕಬ್ಬಿಣದ ಹುರುಪೆ, ಹೆಜ್ಜೆ ಇಟ್ಟರೆ ಖಣ್ ಖಣ್ ಎನ್ನುತ್ತಿತ್ತು. ಗೋಡೆ ಹತ್ತಿ ಗೂಡಿನ ಪಕ್ಕದಲ್ಲೇ ಅಂಟಿಕೊಂಡಿತು.

"ಮಾಳಿಂಗಾ, ಅದು ಸೂಜಿಗಲ್ಲು. ಕಬ್ಬಿಣವನ್ನು ಹತ್ತಿರ ಕರೆಯುವ ಕಲ್ಲು. ನನ್ನ ಮೈಯೆಲ್ಲ ಕಬ್ಬಿಣ, ಅದರಿಂದ ಅದು ನನ್ನ ತಾಯಿ. ತಾಯಿಯನ್ನು ಮಗುವಿಗೆ ಕೊಡು. ಇಲ್ಲದಿದ್ದರೆ ನಿನ್ನ ಎದೆಗೆ ಅಂಟಿಕೊಳ್ಳುತ್ತೇನೆ, ಎಂಟು ಜನ ಎಳೆದರೂ ಬಿಡುವವನಲ್ಲ."

"ತಾಯಿಯಾದರೆ ಕರೆಯಲಿ. ಅತ್ತೆ, ನಿನ್ನ ಕೌದಿ ಹೊಲಿಯುವ ಸೂಜಿ ಕೊಡು."

ಸೂಜಿಯನ್ನು ನೂಲಿಗೆ ಕಟ್ಟಿ ಕಲ್ಲಿನ ಪಕ್ಕದಲ್ಲಿ ಇಳಿಬಿಟ್ಟ. ಮುಂದೆ ತಂದ, ಹಿಂದೆ ತಂದ. ಸೂಜಿ ಅತ್ತ ವಾಲಲಿಲ್ಲ, ಇತ್ತ ವಾಲಲಿಲ್ಲ, ಬಾವಿಗೆ ಬಿಟ್ಟ ಹಗ್ಗದ ಹಾಗೆ ನೆಟ್ಟಗೆ ನಿಂತಿತು.

"ನಿನ್ನ ತಾಯಿಗೆ ನಿನ್ನ ಗುರುತೇ ಇಲ್ಲವಲ್ಲಪ್ಪಾ," ಎಂದ ಮಾಳಿಂಗ.

ಉಡ ಗೋಡೆಯಿಂದ ಕೆಳಗೆ ಬಿತ್ತು. ಬೀಳುವಷ್ಟರಲ್ಲಿ ಸೂಜಿಗಲ್ಲಾಗಿತ್ತು. ಅಡುಗೆಮನೆಯ ಹೆಂಚು, ಇಕ್ಕಳ, ಈಳಿಗೆಮಣೆ ಎಲ್ಲ ಹಾರಿ ಬಂದು ಅದಕ್ಕೆ ಅಂಟಿಕೊಂಡವು. "ಇನ್ನು ರೊಟ್ಟಿ ನಿನ್ನ ಅಂಗೈ ಮೇಲೆ ಸುಡಲೇ?" ಎಂದು ದ್ಯಾಮವ್ವ ಹೆಂಚನ್ನು ಎಳೆಯುತ್ತಾ ಗೊಣಗಿದಳು.

ಮಾಳಿಂಗ ಮಾತ್ರ ನಗುತ್ತಿದ್ದ. "ಅತ್ತೆ, ಇಡೀ ಹೊಳೆಯನ್ನೇ ಜನ ಮನೆಗೆ ಹೊತ್ತರು, ಅವರ ಬಾಗಿಲಿಗೆ ಕೋಣ ಬಂತೇ, ಉಡ ಬಂತೇ? ಈ ಕಲ್ಲಿಗೇ ಬಂದವು. ಕೆಂಪು ಇರುವುದು ಇದರಲ್ಲೇ."

"ಹೆಸರು?"

"ಭಾರ ಇದೆ, ಕಪ್ಪಗಿದೆ, ಮಿಂಚುತ್ತದೆ. ಇನ್ನೇನು, ಸೀಸದ ಕಲ್ಲು. ನಾಳೆ ಹೋಗಿ ಅವನ ಮುಖದ ಮೇಲೆ ಹೇಳಿ ಬರುತ್ತೇನೆ."

ಕಾಡಿಗೆಯ್ಯ ಹೊಳೆಯ ಕಡವಿನಲ್ಲಿ ಎತ್ತರದ ಬಂಡೆಯ ಮೇಲೆ ಕೂತಿರುತ್ತಿದ್ದ. ಒಣಕಲು ಆಳು, ಕಣ್ಣೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಸುತ್ತ ಕಲ್ಲಾದವರನ್ನು ಸಾಲಾಗಿ ಜೋಡಿಸಿದ್ದ. ಆಚೆ ಊರಿನ ಜನ ನಿಂತಿದ್ದರು. ನೋಡಬೇಕೆಂಬ ಆಸೆಯಿಂದ ಬಂದವರಲ್ಲ, ಬನ್ನಿ ಎಂದಿದ್ದ, ಬಂದಿದ್ದರು.

"ಬಾರಯ್ಯಾ ಮಾಳಿಂಗ. ನಿಂತೇ ಇದ್ದೀಯಲ್ಲ, ಕೂತುಕೋ. ಅದು ನಿಮ್ಮ ಬಾವ. ಗಟ್ಟಿಯಾಗಿದ್ದಾನೆ, ಭಾರ ತಡೆಯುತ್ತಾನೆ."

"ಬಾವನ ಮೇಲೆ ಕೂರುವ ವಾಡಿಕೆ ನಮ್ಮಲ್ಲಿಲ್ಲ."

"ಒಳ್ಳೆಯ ಮನೆತನ. ಸರಿ, ಕಲ್ಲು ತೋರಿಸು." ಮಾಳಿಂಗ ಚೀಲದಿಂದ ಕಲ್ಲು ತೆಗೆದು ಎತ್ತಿ ಹಿಡಿದ. ಬಿಸಿಲಿಗೆ ಅದು ಥಳಥಳ ಹೊಳೆಯಿತು. ಕಾಡಿಗೆಯ್ಯ ಹೌದು ಎಂಬಂತೆ ತಲೆ ಆಡಿಸಿದ. "ಹೇಳು, ಇದು ಯಾವ ಕಲ್ಲು?"

ಸೀಸದ ಕಲ್ಲು ಎನ್ನಲು ಮಾಳಿಂಗ ಬಾಯಿ ತೆರೆದ. ಅಷ್ಟರಲ್ಲಿ ದ್ಯಾಮವ್ವ ಸೆರಗು ಜಾರುವುದನ್ನೂ ನೋಡದೆ ಓಡಿಬಂದಳು.

"ಅಳಿಯಾ, ನೋವು ಶುರುವಾಯಿತು. ನೆರೆಯವರನ್ನು ಕೂರಿಸಿ ಬಂದೆ. ಅವಳ ಕೈ ಹಿಡಿದರೆ ಹಿಡಿತವೇ ಇಲ್ಲ ಕಣೋ. ಏನು ಹೇಳುವುದಿದ್ದರೂ ಬೇಗ ಹೇಳು, ಸರಿಯಾಗಿ ಹೇಳು."

ಸರಿಯಾಗಿ ಹೇಳು ಎಂದದ್ದು ಮಾಳಿಂಗನನ್ನು ತಡೆಯಿತು. ದಾರಿಯಲ್ಲಿ ಸಿಕ್ಕ ಹರಳನ್ನೂ ಉಜ್ಜದೆ ಹೆಸರಿಸಿದವನಲ್ಲ ಅವನು. ಈ ಒಂದು ಕಲ್ಲನ್ನು ಒಲೆಗೆ ಹಾಕಿದ್ದ, ಸೂಜಿ ತೋರಿಸಿದ್ದ, ಉಜ್ಜಿರಲಿಲ್ಲ.

"ತಾಳಯ್ಯಾ, ತೇಯ್ದು ನೋಡಿ ಹೇಳುತ್ತೇನೆ."

"ತೇಯ್ದುಕೋ. ನನಗೇನು ಅವಸರ," ಎಂದ ಕಾಡಿಗೆಯ್ಯ.

ಕಡವಿನ ಗುಡಿಯಲ್ಲಿ ಗಂಧ ತೇಯುವ ಸಾಣೆಕಲ್ಲಿತ್ತು. ಮಾಳಿಂಗ ಅದರ ಮೇಲೆ ನೀರು ಚಿಮುಕಿಸಿ, ಗಂಧದ ಕೊರಡಿನ ಹಾಗೆ ಕಲ್ಲನ್ನು ಹಿಡಿದು ತೇಯ್ದ. ಕಪ್ಪು ಬಣ್ಣ ಬಂತು. ಮತ್ತೆ ತೇಯ್ದ. ಮತ್ತೆ ಕಪ್ಪೇ.

"ಹೊರಗೂ ಕಪ್ಪು, ಒಳಗೂ ಕಪ್ಪು," ಎಂದು ಕಾಡಿಗೆಯ್ಯ ಆಕಳಿಸಿದ. "ಇನ್ನೇನು ಬೇಕು? ಹೇಳಿ ಮುಗಿಸು. ಅಲ್ಲಿ ಹೆಣ್ಣುಮಗಳು ಕಾಯುತ್ತಿದ್ದಾಳಂತೆ."

ಮಾಳಿಂಗನ ಬೆರಳು ಮಾತ್ರ ಸಾಣೆಕಲ್ಲಿನ ಮೇಲೆ ಆಡುತ್ತಿತ್ತು. ಆ ಕಪ್ಪು ಜಾರುತ್ತಿತ್ತು. ಚಿಮುಕಿಸಿದ ನೀರು ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಅದರಿಂದ ದೂರ ಓಡುತ್ತಿತ್ತು. ಮೂಗಿಗೆ ಹಿಡಿದ. ಸುಟ್ಟ ಹರಳೆಣ್ಣೆ.

"ಅತ್ತೆ, ನಾವು ಇಷ್ಟು ದಿನ ನೋಡಿದ್ದು ಕಲ್ಲನ್ನಲ್ಲ," ಎಂದ. "ನಮ್ಮ ಎಣ್ಣೆಯನ್ನು ನೋಡಿದ್ದೇವೆ. ಹೊಳಪು ಎಣ್ಣೆಯದು, ಮಸಿ ಎಣ್ಣೆಯದು. ಇದನ್ನು ತೊಳೆಯಬೇಕು."

ಜನರಲ್ಲಿ ಒಂದು ಪಿಸುಮಾತು ಹರಿಯಿತು. ದ್ಯಾಮವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಕಪ್ಪು ಕಲ್ಲಿನ ಎಣ್ಣೆ ತೊಳೆದವರು ನಮ್ಮಲ್ಲಿ ಯಾರೂ ಇಲ್ಲ. ನಮ್ಮಮ್ಮ ತೊಳೆಯಲಿಲ್ಲ, ಅವರಮ್ಮ ತೊಳೆಯಲಿಲ್ಲ."

"ಅಜ್ಜಿ ಹೇಳುವುದು ಸರಿ," ಎಂದು ಕಾಡಿಗೆಯ್ಯ ಬಂಡೆಯ ಮೇಲೆ ಎದ್ದು ನಿಂತ. ಅಲ್ಲಿಯ ತನಕ ಅವನು ಯಾರಿಗೂ ಎದ್ದು ನಿಂತಿರಲಿಲ್ಲ. "ಹಿರಿಯರ ಪದ್ಧತಿ ಅದು. ಬಿಡಬಾರದು. ದೇವರು ಮುನಿದುಕೊಳ್ಳುತ್ತಾನೆ. ಬೇಕಾದರೆ ಇನ್ನೊಂದಿಷ್ಟು ಎಣ್ಣೆ ನಾನೇ ತರಿಸುತ್ತೇನೆ."

ದ್ಯಾಮವ್ವ ತಲೆ ಎತ್ತಿ ಅವನನ್ನೇ ನೋಡಿದಳು.

"ನೀನು ಯಾವಾಗಿನಿಂದಪ್ಪಾ ನಮ್ಮ ದೇವರ ಭಕ್ತನಾದದ್ದು?" ಎಂದಳು.

ಸೆರಗಿನ ಗಂಟು ಬಿಚ್ಚಿದಳು. ಬಾಣಂತಿಗೆ ಎರೆಯಲೆಂದು ಆ ಬೆಳಗ್ಗೆಯಷ್ಟೇ ಕುಟ್ಟಿದ ಸೀಗೆಪುಡಿ ಅದರಲ್ಲಿತ್ತು. ಹೊಳೆಯ ಅಂಚಿನಲ್ಲಿ ಕಾಲು ನೀಡಿ ಕೂತು, ಎಳೆ ಕೂಸನ್ನು ಮಲಗಿಸಿಕೊಳ್ಳುವ ಹಾಗೆ ಕಲ್ಲನ್ನು ಕಾಲಿನ ಮೇಲೆ ಇಟ್ಟುಕೊಂಡಳು. "ಕಣ್ಣು ಮುಚ್ಚಿಕೋ ಸ್ವಾಮಿ, ಉರಿಯುತ್ತದೆ," ಎಂದು ಸೀಗೆ ಹಚ್ಚಿ ತಿಕ್ಕಿದಳು, ನೀರು ಸುರಿದಳು, ಮತ್ತೆ ತಿಕ್ಕಿದಳು. ಎಣ್ಣೆ ನೊರೆಯಾಗಿ ಹೊಳೆಗೆ ಹೋಯಿತು. ಮಾಳಿಂಗ ಸಾಣೆಕಲ್ಲನ್ನೂ ತಂದು ಮುಂದೆ ಹಿಡಿದ, ಅದನ್ನೂ ತೊಳೆದಳು.

ಕಲ್ಲು ಈಗಲೂ ಕಪ್ಪಗೇ ಇತ್ತು. ಹೊಳಪು ಮಾತ್ರ ಕುಗ್ಗಿ, ಉಕ್ಕಿನ ಬಣ್ಣಕ್ಕೆ ಬಂದಿತ್ತು. ಮಾಳಿಂಗ ನೀರು ಚಿಮುಕಿಸಿ ತೇಯ್ದ.

ಸಾಣೆಕಲ್ಲಿನ ಮೇಲೆ ಒಂದು ಗೆರೆ ಮೂಡಿತು. ಕೆಂಪು ಗೆರೆ. ಇಡೀ ರಾಜ್ಯದಲ್ಲಿ ಇದ್ದದ್ದು ಅದೊಂದೇ ಕೆಂಪು.

ದ್ಯಾಮವ್ವ ಬೆರಳಲ್ಲಿ ಅದನ್ನು ಮುಟ್ಟಿ, ಹೆಬ್ಬೆರಳಿಗೆ ಸವರಿ ನೋಡಿದಳು. "ಈ ಬಣ್ಣ ನನಗೆ ಗೊತ್ತು ಅಳಿಯಾ. ಹಬ್ಬ ಬಂದರೆ ಗೋಡೆಯ ಬುಡಕ್ಕೆ, ಹೊಸ್ತಿಲಿಗೆ ಇದನ್ನೇ ನಾನು ಬಳಿಯುತ್ತಿದ್ದದ್ದು. ಆದರೆ ಅದು ಮೆತ್ತಗೆ, ಮಣ್ಣಿನ ಹೆಂಟೆಯ ಹಾಗೆ ಸಿಗುತ್ತಿತ್ತು. ಇಷ್ಟು ಗಟ್ಟಿಯಾಗಿ, ಇಷ್ಟು ಕಪ್ಪಗೆ ಎಂದೂ ಕಂಡವಳಲ್ಲ."

"ಗಟ್ಟಿಯಾದರೇನು, ಕಪ್ಪಾದರೇನು ಅತ್ತೆ? ತೇಯ್ದಾಗ ಬಿಟ್ಟ ಬಣ್ಣ ಅದೇ." ಮಾಳಿಂಗ ಬಂಡೆಯ ಕಡೆ ತಿರುಗಿದ. ಅವನ ಅಕ್ಕನ ಜೀವ, ಅವಳ ಕೂಸಿನ ಜೀವ, ತನ್ನದೂ, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿದ್ದವು. "ಕಾಡಿಗೆಯ್ಯಾ, ಕೇಳು. ಇದು ಇದ್ದಿಲಲ್ಲ, ಸೂಜಿಗಲ್ಲಲ್ಲ, ಸೀಸವೂ ಅಲ್ಲ. ಇದು ಕಾವಿಕಲ್ಲು."

ಗೆರೆ ಸಾಣೆಕಲ್ಲಿನಿಂದ ಇಳಿದು ನೀರಿಗೆ ಹರಿಯಿತು. ನೀರಿನಿಂದ ದಡಕ್ಕೆ, ದಡದಿಂದ ಬೇಲಿಗೆ. ದಾಸವಾಳ ಕೆಂಪಾಯಿತು. ಮೆಣಸಿನಕಾಯಿ ಕೆಂಪಾಯಿತು. ಹುಂಜದ ಜುಟ್ಟು ಕೆಂಪಾಗಿ, ಅದು ನಡುಮಧ್ಯಾಹ್ನದಲ್ಲೇ ಕೂಗಿತು. ಹೆಂಗಸರು ಒಬ್ಬರ ಹಣೆಯನ್ನು ಒಬ್ಬರು ನೋಡಿಕೊಂಡರು. ಸಾಲಾಗಿದ್ದ ಕಲ್ಲುಗಳು ಮೈ ಮುರಿದು ಮನುಷ್ಯರಾಗಿ ಎದ್ದವು. ಬಾವ ಬೆನ್ನು ತಿಕ್ಕಿಕೊಳ್ಳುತ್ತಾ, "ನನ್ನ ಮೇಲೆ ಯಾರು ಕೂತಿದ್ದರು?" ಎಂದು ಕೇಳಿದ. ಅರಮನೆಯಲ್ಲಿ ರಾಜ ಎದ್ದು, ಚಾಮರ ಸಾಕು, ಚಳಿಯಾಗುತ್ತಿದೆ ಎಂದನಂತೆ. ಮಾಳಿಂಗನ ಅತ್ತೆಯ ಅಂಗಳದಲ್ಲಿ ಇದ್ದಿಲ ರಾಶಿ ಬರೀ ಕೋಣವಾಗಿ ಹುಲ್ಲು ಹುಡುಕಿತು. ಉಡ ಹೆಂಚು ಇಕ್ಕಳ ಎಲ್ಲವನ್ನೂ ಬಿಟ್ಟು ಪೊದೆಗೆ ಓಡಿತು.

ಕೆಂಪಿನ ಜೊತೆ ಸಿಟ್ಟೂ ವಾಪಸು ಬಂತು. ಜನ ದೊಣ್ಣೆ ಹುಡುಕಿದರು.

ಕಾಡಿಗೆಯ್ಯ ಡಬ್ಬಿಯ ಮುಚ್ಚಳ ತೆಗೆದು ಉಸಿರೆಳೆಯಹೋದ. ಆದರೆ ಅಷ್ಟರಲ್ಲಿ ಅವನ ಕಿವಿ ಬಿಸಿಯಾಯಿತು. ಈ ವಿದ್ಯೆ ಕಲಿಯುವಾಗ ಅವನು ಎಲ್ಲರಿಗಿಂತ ಮೊದಲು ಹಿಂಡಿ ತೆಗೆದದ್ದು ತನ್ನ ಕೆಂಪನ್ನೇ. ಅದೂ ಆ ಕಲ್ಲಿನಲ್ಲೇ ಇತ್ತು, ಅದೂ ಮನೆಗೆ ಮರಳಿತು. ಕಾಡಿಗೆಯ ಅಡಿಯಿಂದ ಕೆನ್ನೆ ಕೆಂಪೇರಿತು, ಕತ್ತು ಕೆಂಪೇರಿತು. ಎಷ್ಟೋ ವರ್ಷದ ಮೇಲೆ ಅವನಿಗೆ ನಾಚಿಕೆಯಾಯಿತು. ಮಂತ್ರ ಹೇಳಲು ಬಾಯಿ ತೆರೆದವನಿಗೆ ತನ್ನ ದನಿ ತನಗೇ ಕೇಳಿ, ಎರಡು ಅಕ್ಷರಕ್ಕೇ ನಿಂತುಹೋಯಿತು. ಮುಖ ಮುಚ್ಚಿಕೊಂಡು ಬಂಡೆಯ ಮೇಲೆ ಕುಸಿದ. ಕೈಯಿಂದ ಜಾರಿದ ಡಬ್ಬಿಯಲ್ಲಿ ಬರೀ ಕಾಡಿಗೆ ಇತ್ತು.

"ಹೊಡೆಯುವವರು ಆಮೇಲೆ ಹೊಡೆಯಿರಿ, ಈಗ ದಾರಿ ಬಿಡಿ," ಎಂದು ದ್ಯಾಮವ್ವ ಜನರನ್ನು ಸರಿಸಿಕೊಂಡು ಓಡಿದಳು. ಹಿಂದೆ ಮಾಳಿಂಗ, ಅವನ ಹಿಂದೆ ಬಾವ.

ಮನೆ ಇನ್ನೂ ದೂರ ಇರುವಾಗಲೇ ಸಾತವ್ವನ ದನಿ ಕೇಳಿತು. "ಎಲ್ಲಿ ಹಾಳಾಗಿ ಹೋದರು ಇವರೆಲ್ಲ? ನನ್ನನ್ನು ಹೀಗೆ ಬಿಟ್ಟು ಎಲ್ಲಿ ಹೋದರು?" ಆ ಬೈಗುಳ ಕೇಳಿ ದ್ಯಾಮವ್ವ ಓಡುತ್ತಲೇ ನಕ್ಕಳು. "ಬಲ ಬಂತು," ಎಂದಳು.

ಗಂಡಸರಿಬ್ಬರನ್ನೂ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಳು. ಬಾವ ಕಂಬ ಹಿಡಿದು ನಿಂತ. ಮಾಳಿಂಗ ಜೀವಮಾನದಲ್ಲಿ ಮೊದಲ ಸಲ ಒಂದೇ ಜಾಗದಲ್ಲಿ ಅಷ್ಟು ಹೊತ್ತು ಕೂತ. ಒಳಗಿನಿಂದ ಸಾತವ್ವ ಗಂಡನನ್ನೂ ತಮ್ಮನನ್ನೂ ಸರದಿಯ ಮೇಲೆ ಬೈಯುತ್ತಲೇ ಇದ್ದಳು. ಕೊನೆಗೆ ಬೈಗುಳ ನಿಂತು, ಇನ್ನೊಂದು ಸಣ್ಣ ದನಿ ಎದ್ದಿತು.

ದ್ಯಾಮವ್ವ ಬಾಗಿಲು ತೆರೆದು ಕೂಸನ್ನು ಬೆಳಕಿಗೆ ಹಿಡಿದಳು. ಹೆಣ್ಣು. ಅಂಗೈ ಕೆಂಪು, ಅಂಗಾಲು ಕೆಂಪು, ಮೂಗಿನ ತುದಿ ಕೆಂಪು. ಮುಷ್ಟಿ ಬಿಗಿದು, ಕಣ್ಣು ಮುಚ್ಚಿ, ಜಗತ್ತಿನ ಮೇಲೆ ಏನೋ ದೊಡ್ಡ ಸಿಟ್ಟಿರುವಂತೆ ಅಳುತ್ತಿತ್ತು. ನೋಡಿದವರೆಲ್ಲ ನಕ್ಕರು, ನಕ್ಕಷ್ಟೂ ಅದು ಇನ್ನೂ ಜೋರು ಮಾಡಿತು.

ಕಾಡಿಗೆಯ್ಯನಿಗೆ ರಾಜ ಕಾವಿ ತೇಯುವ ಕೆಲಸ ಕೊಟ್ಟ. ಊರಿನ ಗೋಡೆಗಳಿಗೆಲ್ಲ ಅವನೇ ತೇಯ್ದು ಕೊಡುತ್ತಿದ್ದ, ಹೆಂಗಸರು ರೇಗಿಸಿದರೆ ಕಿವಿ ಕೆಂಪು ಮಾಡಿಕೊಂಡು ತಲೆ ತಗ್ಗಿಸುತ್ತಿದ್ದ. ಮಣಿಹೊಳೆಯವರು ಕಪ್ಪು ಕಲ್ಲಿಗೆ ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ, ಹಚ್ಚುವ ಮೊದಲು ಒಂದು ಸಲ ತೇಯ್ದು ನೋಡುವುದನ್ನು ಕಲಿತರು. ಮಾಳಿಂಗ ಕೂಸಿಗೆ ಹೆಸರಿಡುವ ತನಕ ಇದ್ದು, ಆಮೇಲೆ ಚೀಲ ಕೊಡವಿ ಹೊರಟ. ಆ ರಾಜ್ಯದ ಜನ ಉಂಡು, ದುಡಿದು, ಸಿಟ್ಟಾಗಿ, ನಾಚಿ, ನಕ್ಕು, ಬಹುಕಾಲ ಸುಖವಾಗಿ ಬಾಳಿದರು.